ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು?

ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಾಲ್ಕರಿಂದ ಏಳನೇ ಇಯತ್ತೆಯ ಮಕ್ಕಳಿಗೆ ಪರಿಸರ ಅಧ್ಯಯನ ಮತ್ತು ವಿಜ್ಞಾನ ಕಲಿಸುತ್ತ ಬಂದವಳು ನಾನು. ತರಗತಿಯ ಕಿಟಕಿಯಿಂದ ನೋಡಿದರೆ ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾನು ಎನ್ನುವ ದಟ್ಟ ಕಾಡು. ಇಂಥ ಊರಿನ ಮಕ್ಕಳಿಗೂ ಭೂಮಿ ಎಂದರೆ ಪುಸ್ತಕದ ಚಿತ್ರವಾಗಿಬಿಡುವುದನ್ನು ನೋಡಿದ್ದೇನೆ. ವಾಯುಗೋಳ, ಜಲಗೋಳ, ಶಿಲಾಗೋಳ, ಜೀವಗೋಳ ಎಂದು ನಾಲ್ಕನ್ನೂ ತಪ್ಪಿಲ್ಲದೆ ಒಪ್ಪಿಸುವ ಹುಡುಗನಿಗೆ ತನ್ನ ಮನೆಯ ಬಾವಿ ಏಪ್ರಿಲ್‌ನಲ್ಲಿ ಯಾಕೆ ಬತ್ತುತ್ತದೆ ಎಂದು ಗೊತ್ತಿರುವುದಿಲ್ಲ. ಆ ನಾಲ್ಕು ಹೆಸರೂ ಬೇಕು, ಆದರೆ ಅವು ಕೊನೆಗೆ ಬರಲಿ. ಎಳೆಯರಿಗೆ ಮೊದಲು ಕೈಗೆ ಸಿಗುವ ಯಾವುದಾದರೂ ಒಂದು ವಸ್ತುವನ್ನು ಕೊಟ್ಟು, ಇದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಬೆನ್ನು ಹತ್ತಿಸಬೇಕು. ಎಲೆಯಾಗಲಿ, ಬೂದಿಯಾಗಲಿ, ಮಳೆಯ ನೀರಾಗಲಿ, ಅದರ ಹಿಂದೆ ಹೋದ ಮಗು ತಾನಾಗಿಯೇ ಇಡೀ ಭೂಮಿಯ ವ್ಯವಹಾರಕ್ಕೆ ಬಂದು ಮುಟ್ಟುತ್ತದೆ. ಇಷ್ಟು ಕಾಲದ ಕೆಲಸದಿಂದ ನಾನು ತಿಳಿದದ್ದು ಇದನ್ನೇ.

ಐದನೇ ಇಯತ್ತೆಗೆ ಮೊದಲ ವಾರ ಪುಸ್ತಕ ತೆರೆಸುವುದಿಲ್ಲ. ಶಾಲೆಯ ಹಿಂದಿನ ಹಲಸಿನ ಮರದ ಬುಡಕ್ಕೆ ಕರೆದುಕೊಂಡು ಹೋಗುತ್ತೇನೆ. ಒಂದು ಬೀಜದಿಂದ ಹುಟ್ಟಿದ ಮರ ಇದು, ಈಗ ಎಷ್ಟು ಕ್ವಿಂಟಲ್ ತೂಗೀತು, ಅಷ್ಟು ತೂಕ ಎಲ್ಲಿಂದ ಬಂತು ಎಂದು ಕೇಳುತ್ತೇನೆ. ‘ಮಣ್ಣಿಂದ’ ಎಂದು ಎಲ್ಲರೂ ಒಟ್ಟಿಗೇ ಕೂಗುತ್ತಾರೆ. ಹಾಗಿದ್ದರೆ ಬುಡದಲ್ಲಿ ಅಷ್ಟೇ ದೊಡ್ಡ ಹೊಂಡ ಬಿದ್ದಿರಬೇಕಲ್ಲ ಎಂದರೆ ಸದ್ದಿಲ್ಲ. ಆ ಹೊತ್ತಿನಲ್ಲಿ ಉತ್ತರ ಹೇಳಿಬಿಡುವ ಆಸೆಯನ್ನು ಶಿಕ್ಷಕರು ಗಟ್ಟಿಯಾಗಿ ತಡೆದುಕೊಳ್ಳಬೇಕು. ಪ್ರಶ್ನೆ ಒಂದು ರಾತ್ರಿ ಮಕ್ಕಳ ಜೊತೆ ಮನೆಗೆ ಹೋಗಲಿ.

ಮರುದಿನ ವಾನ್ ಹೆಲ್ಮಾಂಟ್‌ನ ಕಥೆ. ಈಗಿನ ಬೆಲ್ಜಿಯಂನ ಈ ವೈದ್ಯ ಹದಿನೇಳನೇ ಶತಮಾನದಲ್ಲಿ ಇದೇ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡಿದ್ದ. ಒಣಗಿಸಿ ತೂಗಿದ 200 ಪೌಂಡ್ ಮಣ್ಣಿನಲ್ಲಿ 5 ಪೌಂಡಿನ ವಿಲೋ ಗಿಡ ನೆಟ್ಟು, 5 ವರ್ಷ ನೀರು ಬಿಟ್ಟು ಬೇರೇನೂ ಹಾಕದೆ ಬೆಳೆಸಿದ. ಗಿಡ 169 ಪೌಂಡ್ ಆಯಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದದ್ದು 2 ಔನ್ಸ್, ಎಂದರೆ ನಮ್ಮ ಲೆಕ್ಕದಲ್ಲಿ ಅರವತ್ತು ಗ್ರಾಂ ಕೂಡ ಇಲ್ಲ. ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಅವನು ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೆ, 1648ರಲ್ಲಿ ಇದು ಅಚ್ಚಾಯಿತು. ಮಕ್ಕಳಿಗೆ ನಾನು ಒತ್ತಿ ಹೇಳುವುದು ಅವನ ಇನ್ನೊಂದು ಪ್ರಯೋಗವನ್ನು. 62 ಪೌಂಡ್ ಇದ್ದಿಲು ಸುಟ್ಟಾಗ ಅವನಿಗೆ ಉಳಿದದ್ದು 1 ಪೌಂಡ್ ಬೂದಿ. ಮಿಕ್ಕದ್ದು ಕಣ್ಣಿಗೆ ಕಾಣದ ಒಂದು ಅನಿಲವಾಗಿ ಹೋಯಿತು ಎಂದು ಅವನೇ ಬರೆದಿಟ್ಟ. ಮರ ಸುಟ್ಟಾಗ ಗಾಳಿಗೆ ಹೋಗುವುದೇ ಮರ ಬೆಳೆಯುವಾಗ ಗಾಳಿಯಿಂದ ಬಂದಿರಬಹುದು ಎಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ಎರಡು ತುದಿಯೂ ಅವನ ಕೈಯಲ್ಲೇ ಇತ್ತು. ಅವು ಕೂಡಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1771ರಲ್ಲಿ ಪ್ರೀಸ್ಟ್ಲಿ, ದೀಪ ಉರಿದು ಕೆಟ್ಟ ಗಾಳಿಯನ್ನು ಪುದೀನ ಗಿಡ ಮತ್ತೆ ಸರಿಮಾಡುತ್ತದೆ ಎಂದು ಕಂಡ. 1779ರಲ್ಲಿ ಇಂಗೆನ್‌ಹೌಸ್, ಅದು ನಡೆಯುವುದು ಗಿಡದ ಹಸಿರು ಭಾಗದಲ್ಲಿ, ಅದೂ ಬಿಸಿಲಿದ್ದಾಗ ಮಾತ್ರ ಎಂದು ತೋರಿಸಿದ.

ಹೆಲ್ಮಾಂಟ್‌ನ ಎರಡನೆಯ ಪ್ರಯೋಗಕ್ಕೆ ನಮ್ಮ ಕಡೆ ಪ್ರಯೋಗಾಲಯ ಬೇಡ, ಪ್ರತಿ ಮನೆಯಲ್ಲೂ ಬಚ್ಚಲೊಲೆ ಇದೆ. ಅಪ್ಪನನ್ನೋ ಅಜ್ಜನನ್ನೋ ಕೇಳಿಕೊಂಡು, ಅಡಿಕೆ ತೂಗುವ ತಕ್ಕಡಿಯಲ್ಲಿ ಆ ದಿನದ ಕಟ್ಟಿಗೆ ತೂಗಿ, ಮರುದಿನ ಇದ್ದಿಲು ಹೆಕ್ಕಿ ತೆಗೆದು ಬೂದಿ ತೂಗಿಕೊಂಡು ಬರಬೇಕು. ಚೆನ್ನಾಗಿ ಒಣಗಿದ ಹತ್ತು ಕಿಲೋ ಕಟ್ಟಿಗೆ ಉರಿದರೆ ಬೂದಿ ಬರುವುದು ನೂರು, ಹೆಚ್ಚೆಂದರೆ ಇನ್ನೂರು ಗ್ರಾಂ. ಮರ ಮಣ್ಣಿನಿಂದ ತೆಗೆದುಕೊಂಡದ್ದು ಹೆಚ್ಚುಕಡಿಮೆ ಅಷ್ಟೇ: ಸುಣ್ಣ, ಪೊಟ್ಯಾಷ್ ಮೊದಲಾದ ಲವಣಗಳು. ಅದಕ್ಕೇ ಬೂದಿ ತೆಂಗಿನ ಬುಡಕ್ಕೆ ಹೋಗುತ್ತದೆ. ಹೀಗೆ ತೂಗಿ ತಂದ ಹುಡುಗಿಯೊಬ್ಬಳು ತುಸು ಹೊತ್ತು ಸುಮ್ಮನಿದ್ದು, ‘ಅಕ್ಕೋರೆ, ಹಂಗಾರೆ ನಮ್ಮನೆ ಅಡಿಕೆ ಮರ ಗಾಳಿಯಿಂದ ಆಗಿದ್ದಾ?’ ಎಂದು ಕೇಳಿದಳು. ಹೌದು, ಗಾಳಿ ಮತ್ತು ನೀರು ಸೇರಿ, ಬಿಸಿಲಿನ ಬಲದಿಂದ ಆದದ್ದು. ಕೆರೆಯಿಂದ ಹೈಡ್ರಿಲ್ಲಾ ತಂದು ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಗುಳ್ಳೆ ಏಳುವುದು ಕಾಣುತ್ತದೆ. ಮೇಲೆ ಬುಟ್ಟಿ ಮುಚ್ಚಿದರೆ ತುಸು ಹೊತ್ತಿಗೆ ನಿಲ್ಲುತ್ತದೆ. ತೆಗೆದರೆ ಮತ್ತೆ ಶುರು. ಈ ಬುಟ್ಟಿ ತೆಗೆಯುವ ಕೆಲಸಕ್ಕೆ ಮಕ್ಕಳಲ್ಲಿ ಪೈಪೋಟಿ ನಡೆಯುತ್ತದೆ.

ಗಾಳಿಯ ಲೆಕ್ಕ ಅದಾದ ಮೇಲೆ ಹೇಳಿದರೆ ಮಕ್ಕಳ ತಲೆಯಲ್ಲಿ ನಿಲ್ಲುತ್ತದೆ. ನೂರರಲ್ಲಿ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಮರಗಳಿಗೆಲ್ಲ ಮೈ ಕೊಡುವ ಇಂಗಾಲದ ಡೈಆಕ್ಸೈಡ್ ಹತ್ತು ಸಾವಿರ ಪಾಲಿನಲ್ಲಿ ನಾಲ್ಕು ಚಿಲ್ಲರೆ ಮಾತ್ರ. ಇನ್ನೂರೈವತ್ತು ವರ್ಷಗಳ ಹಿಂದೆ ಅದು ಮೂರಕ್ಕೂ ಕಡಿಮೆ ಇತ್ತು. ಅಷ್ಟು ಕಡಿಮೆ ಇರುವುದರಿಂದಲೇ ಕಲ್ಲಿದ್ದಲು, ಪೆಟ್ರೋಲು ಸುಟ್ಟು ನಾವು ಸೇರಿಸಿದ್ದು ದೊಡ್ಡ ವ್ಯತ್ಯಾಸ ಮಾಡಿದೆ ಎಂದು ಏಳನೇ ಇಯತ್ತೆಯವರಿಗೆ ವಿವರಿಸಬೇಕಾಗುವುದಿಲ್ಲ, ಲೆಕ್ಕ ಹಾಕಿ ಅವರೇ ಹೇಳುತ್ತಾರೆ. ಇನ್ನೊಂದು ವಿಷಯ ಅವರನ್ನು ಬೆಚ್ಚಿಬೀಳಿಸುತ್ತದೆ. ಭೂಮಿಯ ಗಾಳಿಯಲ್ಲಿ ಮುಕ್ಕಾಲು ಪಾಲು ನೆಲದಿಂದ ಹನ್ನೊಂದು ಕಿಲೋಮೀಟರ್ ಎತ್ತರದೊಳಗೇ ಇದೆ. ಮೇಲಕ್ಕೆ ರಸ್ತೆ ಇದ್ದಿದ್ದರೆ, ನಮ್ಮ ಊರಿನಿಂದ ಸಿದ್ದಾಪುರ ಪೇಟೆ ಮುಟ್ಟುವುದರೊಳಗೆ ಬಸ್ಸು ಅದನ್ನು ದಾಟಿರುತ್ತಿತ್ತು. ಆಕಾಶಕ್ಕೆ ಕೊನೆಯಿಲ್ಲ ಎಂದುಕೊಂಡಿದ್ದ ಮಕ್ಕಳು ಆ ದಿನ ಮೇಲೆ ನೋಡುವ ರೀತಿಯೇ ಬೇರೆ.

ಮಣ್ಣಿಗೆ ಬರುತ್ತೇನೆ. ನನ್ನ ಮಟ್ಟಿಗೆ ಪ್ರಾಥಮಿಕ ಶಾಲೆಯ ವಿಜ್ಞಾನದಲ್ಲಿ ಮಣ್ಣಿಗಿಂತ ಮುಖ್ಯವಾದ ಪಾಠವಿಲ್ಲ, ಅಷ್ಟು ಬೇಗ ಮುಗಿಸಿಬಿಡುವ ಪಾಠವೂ ಇನ್ನೊಂದಿಲ್ಲ. ಶಾಲೆಯ ಆಟದ ಬಯಲಿನಿಂದ ಒಂದು ಹಿಡಿ, ಬೆಟ್ಟದ ದರಕಿನ, ಎಂದರೆ ಒಣಗಿ ಉದುರಿದ ಎಲೆಯ, ಅಡಿಯಿಂದ ಒಂದು ಹಿಡಿ ಮಣ್ಣು ತರಿಸುತ್ತೇನೆ. ಪ್ಲಾಸ್ಟಿಕ್ ಬಾಟಲಿಯ ಮೇಲರ್ಧ ಕತ್ತರಿಸಿ ತಲೆಕೆಳಗಾಗಿ ಕೆಳಗಿನರ್ಧದಲ್ಲಿ ಕೂರಿಸಿ, ಬಾಯಿಗೆ ತೆಳು ಬಲೆ ಕಟ್ಟಿ, ಮಣ್ಣು ತುಂಬಿ, ಮೇಲೆ ಬಲ್ಬು ತೂಗುಬಿಟ್ಟರೆ ಆಯಿತು. ಬಿಸಿಗೆ, ಬೆಳಕಿಗೆ ಹೆದರಿ ಮಣ್ಣಿನ ಜೀವಿಗಳು ಕೆಳಗಿಳಿದು ಬಾಟಲಿಯ ತಳದಲ್ಲಿಟ್ಟ ಒದ್ದೆ ಕಾಗದದ ಮೇಲೆ ಬೀಳುತ್ತವೆ. ಬಯಲಿನ ಮಣ್ಣಿನಿಂದ ಏನೂ ಇಳಿಯದಿರಬಹುದು. ಬೆಟ್ಟದ ಮಣ್ಣಿನಿಂದ ಜಿಗಿಯುವ ಸಣ್ಣ ಬಿಳಿ ಹುಳ, ನುಸಿ, ಮರಿ ಸಹಸ್ರಪದಿ, ಹೆಸರೇ ಗೊತ್ತಿಲ್ಲದ ಇನ್ನೆಷ್ಟೋ ಬರುತ್ತವೆ. ಭೂತಗನ್ನಡಿ ಹಿಡಿದು ಚಿತ್ರ ಬರೆದುಕೊಂಡು, ಸಂಜೆ ಎಲ್ಲವನ್ನೂ ತಂದ ಜಾಗಕ್ಕೇ ಬಿಟ್ಟು ಬರುವುದು ನಮ್ಮ ನಿಯಮ.

ಎಲೆಚೀಲದ ಕೆಲಸ ನಿಧಾನದ್ದು. ಒಣಗಿದ ಎಲೆಗಳನ್ನು ಸಮನಾಗಿ ತೂಗಿ ಮೂರು ಚೀಲಕ್ಕೆ ಹಾಕುತ್ತೇವೆ: ದೊಡ್ಡ ಕಣ್ಣಿನ ನೈಲಾನ್ ಬಲೆಯದ್ದು ಒಂದು, ಹುಳ ನುಸುಳದಂಥ ಒತ್ತು ನೇಯ್ಗೆಯ ನೈಲಾನ್ ಬಟ್ಟೆಯದ್ದು ಒಂದು, ಬಾಯಿ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆ ಒಂದು. ಮೂರನ್ನೂ ಜೂನ್‌ನಲ್ಲಿ ಮಣ್ಣಿನಲ್ಲಿ ಹೂತು ದೀಪಾವಳಿ ಹೊತ್ತಿಗೆ ತೆಗೆಯುತ್ತೇವೆ. ಬಲೆಯೊಳಗೆ ನರಗಳಷ್ಟೇ ಉಳಿದ ಎಲೆ, ಬಟ್ಟೆಯೊಳಗೆ ಕಪ್ಪಾಗಿ ಮೆತ್ತಗಾದ ಎಲೆ, ಪ್ಲಾಸ್ಟಿಕ್ಕಿನಲ್ಲಿ ವಾಸನೆ ಹಿಡಿದ, ಆದರೆ ಹೆಚ್ಚುಕಡಿಮೆ ಇಡಿಯಾಗಿಯೇ ಇರುವ ಎಲೆ. ಚೂರು ಮಾಡುವವರು ಹುಳುಗಳು, ಕರಗಿಸುವವರು ಅಣಬೆಯ ಜಾತಿಯವು ಮತ್ತು ಬ್ಯಾಕ್ಟೀರಿಯಾ, ಅವರಿಗೂ ಗಾಳಿ ಬೇಕು. ಮೂರು ಚೀಲದಿಂದ ಮಕ್ಕಳು ಇಷ್ಟನ್ನೂ ತಾವೇ ಹೇಳಿದ್ದನ್ನು ಕೇಳಿದ್ದೇನೆ. ಡಾರ್ವಿನ್‌ನಂಥ ಡಾರ್ವಿನ್ ತನ್ನ ಕೊನೆಯ ಪುಸ್ತಕವನ್ನು, 1881ರಲ್ಲಿ, ಎರೆಹುಳುಗಳ ಮೇಲೆ ಬರೆದ ಎಂದರೆ ಅವರಿಗೆ ಬಹಳ ಗೌರವ. ಅದಾದ ಮೇಲೆ ತೋಟದಲ್ಲಿ ಎರೆಹುಳುವಿನ ಹಿಕ್ಕೆ ತುಳಿಯದೆ ನಡೆಯುತ್ತಾರೆ.

ಉಪಕಾರಿ ಜೀವಿ, ಉಪದ್ರವಿ ಜೀವಿ ಎಂದು ಎರಡು ಪಟ್ಟಿ ಮಾಡಿಸುವುದನ್ನು ಇದಕ್ಕಾಗಿಯೇ ನಾನು ಒಪ್ಪುವುದಿಲ್ಲ. ಮನೆಯ ಜಂತಿ ತಿನ್ನುವ ಗೆದ್ದಲೇ ಬೆಟ್ಟದಲ್ಲಿ ಬಿದ್ದ ಮರವನ್ನು ಮಣ್ಣು ಮಾಡುತ್ತದೆ. ಯಾವ ಪಟ್ಟಿಗೆ ಸೇರಿಸುತ್ತೀರಿ?

ನಮ್ಮ ತೋಟಗಳು ನಿಂತಿರುವುದೇ ಎಲೆಯ ಮೇಲೆ. ಘಟ್ಟದ ಮೇಲಿನ ತೋಟಿಗರಿಗೆ ಬ್ರಿಟಿಷರ ಕಾಲದಿಂದಲೂ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಇದೆ. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರದ ಗುಂಡಿಗೆ, ಅಲ್ಲಿಂದ ಅಡಿಕೆ ಬುಡಕ್ಕೆ. ಇದನ್ನು ಬಾಣದ ಗುರುತು ಹಾಕಿ ಕರಿಹಲಗೆಯ ಮೇಲೆ ಬರೆಯಲು ಹೇಳಿದಾಗ ಒಬ್ಬ ಹುಡುಗ ಕೊನೆಯ ಬಾಣವನ್ನು ಶಿರಸಿ ಮಾರುಕಟ್ಟೆಯವರೆಗೆ ಎಳೆದು ಸೀಮೆಸುಣ್ಣ ಹಿಡಿದು ನಿಂತ. ‘ಅಡಿಕೆ ಪೇಟೆಗೆ ಹೋತು. ಬೆಟ್ಟಕ್ಕೆ ವಾಪಸ್ ಎಂಥ ಬಂತು, ಅಕ್ಕೋರೆ?’ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ತರಬೇತಿಯಲ್ಲೂ ನಾನು ಕೇಳಿಲ್ಲ. ಸೊಪ್ಪು ಕಡಿದೂ ಕಡಿದೂ ಬೋಳಾದ ಬೆಟ್ಟ, ಕಡಿಮೆ ಕಡಿದು ದಟ್ಟವಾಗಿ ಉಳಿಸಿಕೊಂಡ ಬೆಟ್ಟ, ಎರಡೂ ನಮ್ಮ ಊರಿನಲ್ಲೇ ಇವೆ. ಉತ್ತರ ನಾನು ಹೇಳಲಿಲ್ಲ. ಎರಡನ್ನೂ ನೋಡಿ ಬನ್ನಿ ಎಂದು ಕಳಿಸಿದೆ.

ಸಾರಜನಕದ ಪಾಠಕ್ಕೆ ಒಂದು ಅಲಸಂದೆ ಗಿಡ ಸಾಕು. ಬೇರು ಕಡಿಯದಂತೆ ಮೆಲ್ಲನೆ ಕಿತ್ತು ತೊಳೆದರೆ ಗಂಟುಗಳು ಕಾಣುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಾಳಿಯಲ್ಲಿ ಬೇಕಾದಷ್ಟಿದ್ದರೂ ಗಿಡಕ್ಕೆ ನೇರವಾಗಿ ದಕ್ಕದ ಸಾರಜನಕವನ್ನು ಹಿಡಿದುಕೊಡುವ ಬ್ಯಾಕ್ಟೀರಿಯಾಗಳ ಮನೆ ಅದು. ಯೂರಿಯಾ ಜೋರಾಗಿ ಹಾಕಿದ ಗದ್ದೆಯ ಗಿಡ ಕಿತ್ತರೆ ಗಂಟು ಕಡಿಮೆ. ಭತ್ತ ಕೊಯ್ದ ಗದ್ದೆಗೆ ಉದ್ದು, ಹೆಸರು, ಅಲಸಂದೆ ಯಾಕೆ ಬಿತ್ತುತ್ತಿದ್ದರು ಎಂದು ಅಜ್ಜಿಯನ್ನು ಕೇಳಿ ಬರಲು ಹೇಳಿದರೆ ಆ ಪಾಠ ಮುಗಿದ ಹಾಗೆ.

ಮಳೆಯ ವಿಷಯದಲ್ಲಿ ನಮ್ಮಷ್ಟು ಅನುಕೂಲ ಬೇರೆ ಕಡೆ ಕಡಿಮೆ. ಮಳೆಮಾಪಕ ಎಂದರೆ ಕತ್ತರಿಸಿದ ಬಾಟಲಿಯೇ. ಅದರ ತಳ ಏರುತಗ್ಗಾಗಿರುವುದರಿಂದ ಬದಿ ನೇರವಾಗುವವರೆಗೆ ಕಲ್ಲು, ನೀರು ತುಂಬಿ ಅಲ್ಲಿಗೆ ಸೊನ್ನೆ ಗುರುತು ಹಾಕಬೇಕು. ಮೇಲೆ ಮರದ ಹನಿ ಬೀಳದ ಜಾಗದಲ್ಲಿಟ್ಟು, ದಿನಾ ಒಂದೇ ಹೊತ್ತಿಗೆ ನೋಡಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ಒಂದು ಲೀಟರ್ ನೀರು. ಈ ಒಂದು ಲೆಕ್ಕ ಗೊತ್ತಾದರೆ ಮಕ್ಕಳು ಹಿಡಿತಕ್ಕೆ ಸಿಗುವುದಿಲ್ಲ. ಶಾಲೆಯ ಮಾಡು ಅಳೆದರು, ಹೆಚ್ಚುಕಡಿಮೆ ನೂರು ಚದರ ಮೀಟರ್. ನೂರು ಮಿಲಿಮೀಟರ್ ಸುರಿದ ದಿನ ಹತ್ತು ಸಾವಿರ ಲೀಟರ್ ಮಾಡಿನ ಮೇಲಿನಿಂದಲೇ ಇಳಿದು ಹೋಯಿತು. ಅಷ್ಟು ನೀರು ಬಿದ್ದ ಊರಿನಲ್ಲಿ ಬೇಸಿಗೆಗೆ ಬಾವಿ ಯಾಕೆ ಬತ್ತಿತು?

ಇದಕ್ಕೆ ಒಂದು ಡಬ್ಬಿಯ ಪ್ರಯೋಗ ಇದೆ. ಎರಡೂ ಕಡೆ ಬಾಯಿ ತೆಗೆದ ಟಿನ್ ಡಬ್ಬಿಯನ್ನು ಎರಡು ಬೆರಳು ಆಳಕ್ಕೆ ನೆಲಕ್ಕೆ ಒತ್ತಿ, ಒಂದು ಲೋಟ ನೀರು ಹೊಯ್ದು, ಇಂಗಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ನೋಡುವುದು. ಕಾನಿನ ದರಕಿನ ಅಡಿಯ ನೆಲದಲ್ಲಿ ಬರೆದುಕೊಳ್ಳುವುದರೊಳಗೆ ನೀರು ಮಾಯ. ಆಟದ ಬಯಲಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಡಬ್ಬಿಯ ಸುತ್ತ ಕುಳಿತ ಮಕ್ಕಳು ಬೇಸತ್ತು ಎದ್ದು ಹೋಗುತ್ತಾರೆ. ಜೋರು ಮಳೆಯಲ್ಲಿ ಬಯಲಿನಿಂದ ಹರಿಯುವ ನೀರು ಕೆಂಪು, ಕಾನಿನಿಂದ ಬರುವ ಹಳ್ಳದ್ದು ತಿಳಿ. ಎರಡನ್ನೂ ಬಾಟಲಿಯಲ್ಲಿ ಹಿಡಿದು ಕಿಟಕಿಯಲ್ಲಿಟ್ಟರೆ ಮರುದಿನ ತಳದಲ್ಲಿ ಕೂತ ಮಣ್ಣನ್ನು ಅಳೆಯಬಹುದು. ಬಾವಿಗೆ ನೀರು ಕೊಡುವುದು ಆಕಾಶವಷ್ಟೇ ಅಲ್ಲ, ಕಾನೂ ಕೊಡುತ್ತದೆ ಎಂದು ಒಬ್ಬಳು ಬರೆದಳು. ಎಲೆಯಿರುವ ರೆಂಬೆಗೆ ಪಾರದರ್ಶಕ ಕೊಟ್ಟೆ ಕಟ್ಟಿ ಮಧ್ಯಾಹ್ನ ನೋಡಿದರೆ ಒಳಗೆ ನೀರಿನ ಹನಿ. ಮರದ ಬಾಯಿಂದ ಮೇಲೆ ಹೋದ ನೀರೂ ಲೆಕ್ಕಕ್ಕೆ ಬಂತು. ಹಳ್ಳದ ನೀರು ಅಘನಾಶಿನಿ ಸೇರಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ಹತ್ತಿರ ಸಮುದ್ರಕ್ಕೆ ಹೋಗಿ, ಮತ್ತೆ ಅದೇ ಸಮುದ್ರದ ಕಡೆಯಿಂದ ಜೂನ್‌ನಲ್ಲಿ ಮೋಡವಾಗಿ ಬರುವುದನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುವಾಗ ಜಲಚಕ್ರ ಎಂಬ ಮಾತು ಮೊದಲ ಸಲ ಬಳಸುತ್ತೇನೆ.

ಭೂಮಿಯ ನೀರೆಲ್ಲ ಒಂದು ಲೀಟರ್ ಎಂದಿಟ್ಟುಕೊಂಡರೆ ಸಿಹಿನೀರು 25 ಮಿಲಿಲೀಟರ್. ಅದರಲ್ಲಿ ಸುಮಾರು 17 ಹಿಮವಾಗಿ ಗಟ್ಟಿಯಾಗಿದೆ, ಏಳೂವರೆ ನೆಲದಡಿ ಇದೆ. ಲೋಕದ ಕೆರೆ, ನದಿಗಳಲ್ಲಿರುವುದು ಒಂದೆರಡು ಹನಿ. ಇದನ್ನು ಪಿಚಕಾರಿಯಿಂದ ಅಂಗೈ ಮೇಲೆ ಹಾಕಿ ತೋರಿಸಬೇಕು, ಬರೀ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ.

ಬಯಲ ಪಾಠಕ್ಕೆ ಮಲೆನಾಡಿನಲ್ಲಿ ಕಾಲ ನೋಡಬೇಕು. ಮಳೆಗಾಲದಲ್ಲಿ ಉಂಬಳ ಕಚ್ಚಿದರೆ ಸುಣ್ಣ ಹಚ್ಚಿ ಬಿಡಿಸಿಕೊಳ್ಳಬಹುದು, ಅದಕ್ಕೆ ಯಾರೂ ಹೆದರುವುದಿಲ್ಲ. ಆದರೆ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾನಿನೊಳಗೆ ಮಕ್ಕಳನ್ನು ಕರೆದೊಯ್ಯಲೇಬಾರದು. ಅದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ಕಾಯಿಲೆಯನ್ನು ಉಣುಗು ಹರಡುತ್ತದೆ. ಹಾಗೆಂದು ಆ ತಿಂಗಳು ಪಾಠ ನಿಲ್ಲಬೇಕಿಲ್ಲ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು, ಕಾಡಿನಿಂದ ಬಂದವರು ಬಿಸಿನೀರಲ್ಲಿ ಮೈ ತೊಳೆದು ಬಟ್ಟೆ ಬದಲಿಸಬೇಕು ಎಂಬುದರ ಜೊತೆಗೆ, ಉಣುಗು, ಮಂಗ, ದನ, ಕಾಡು, ಮನುಷ್ಯ ಇವೆಲ್ಲ ಒಂದೇ ಸರಪಳಿಯಲ್ಲಿ ಹೇಗೆ ಸಿಕ್ಕಿಕೊಂಡಿವೆ ಎಂದು ನಾವು ಬರೆದು ನೋಡುತ್ತೇವೆ. ಪ್ರಕೃತಿ ಎಂದರೆ ಚಂದದ ಚಿತ್ರ ಮಾತ್ರ ಎಂದು ಮಕ್ಕಳಿಗೆ ಹೇಳುವುದು ಸುಳ್ಳು ಹೇಳಿದ ಹಾಗೆ.

ನವೆಂಬರ್‌ನಲ್ಲಿ, ಪಾಲಕರ ಒಪ್ಪಿಗೆ ಪಡೆದು, ಕತ್ತಲೆಕಾನಿನ ರಾಮಪತ್ರೆ ಜಡ್ಡಿಗೆ ಹೋಗುತ್ತೇವೆ. ನೀರು ನಿಂತ ಕೆಸರಿನಿಂದ ಮರದ ಬೇರುಗಳು ಮೊಣಕಾಲು ಮಡಚಿದ ಹಾಗೆ ಮೇಲೆದ್ದು ಮತ್ತೆ ಕೆಳಗಿಳಿದಿರುತ್ತವೆ. ಯಾಕೆ? ಎಲೆಚೀಲ ತೆಗೆದು ನೋಡಿದ ಮಕ್ಕಳಿಗೆ ಸುಳಿವು ಬೇಕಾಗುವುದಿಲ್ಲ. ‘ಕೆಸರಲ್ಲಿ ಗಾಳಿ ಇಲ್ಲ, ಉಸಿರಾಡ್ಲಿಕ್ಕೆ ಎದ್ದಿದ್ದು’ ಎಂದು ಪ್ಲಾಸ್ಟಿಕ್ ಕೊಟ್ಟೆಯ ನೆನಪಿನಿಂದ ಹೇಳಿದವನು ಪರೀಕ್ಷೆಯಲ್ಲಿ ಯಾವಾಗಲೂ ಹಿಂದಿದ್ದ ಹುಡುಗ.

ಮಕ್ಕಳನ್ನು ಶಾಲೆಗೆ ಕಳಿಸುವುದು ಮಣ್ಣಾಡಲಿಕ್ಕಾ ಎಂದು ಕೇಳಿದ ಪಾಲಕರಿದ್ದಾರೆ. ಅವರ ಜೊತೆ ನಾನು ವಾದ ಮಾಡುವುದಿಲ್ಲ, ತರಗತಿಗೆ ಕರೆಯುತ್ತೇನೆ. ಗೊಬ್ಬರದ ಗುಂಡಿ ಯಾವಾಗ ಮಗುಚಬೇಕು, ಯಾವ ಸೊಪ್ಪು ಬೇಗ ಕೊಳೆಯುತ್ತದೆ ಎಂದು ಅವರೇ ಹೇಳಲಿ. ಕೂಲಿ ಮಾಡುವ ತಾಯಿಯೊಬ್ಬರು ಕಾನಿನ ಹಣ್ಣುಗಳ ಬಗ್ಗೆ ಮಾತಾಡಿದ ದಿನ ಅವರ ಮಗಳು ಕುಳಿತ ಠೀವಿ ನನಗೆ ಮರೆಯದು. ತಮ್ಮ ಮನೆಯವರಿಗೆ ವಿಜ್ಞಾನ ಗೊತ್ತಿದೆ ಎಂದು ಮಗುವಿಗೆ ಅನ್ನಿಸುವುದು ಅಂಕಪಟ್ಟಿಗಿಂತ ಬಹಳ ದೊಡ್ಡದು.

ಜೂನ್ 5ರ ಪರಿಸರ ದಿನ ಬಂದರೆ ಅಳುತ್ತಿರುವ ಭೂಮಿಯ ಚಿತ್ರ ಬರೆಸುವುದು ಎಲ್ಲ ಕಡೆ ರೂಢಿಯಾಗಿದೆ. ಒಂಬತ್ತು ವರ್ಷದ ಮಗು ಭೂಮಿಗೆ ಏನು ಕೇಡು ಮಾಡಿದೆ? ಹೇಗೆ ನಡೆಯುತ್ತದೆ ಎಂದೇ ತಿಳಿಯದ ಭೂಮಿಯ ಬಗ್ಗೆ ಹೆದರಿಕೆ, ಅಪರಾಧಭಾವ ತುಂಬಿದರೆ ಮಕ್ಕಳು ಘೋಷಣೆ ಕೂಗುತ್ತಾರೆ, ಗಮನಿಸುವುದನ್ನು ಬಿಡುತ್ತಾರೆ. ಕೇಡಿನ ಸುದ್ದಿ ಹೇಳಬೇಕು, ಮುಚ್ಚಿಡಬಾರದು. ಆದರೆ ಎಲೆ ಮಣ್ಣಾಗುವುದನ್ನು ಕಣ್ಣಾರೆ ಕಂಡ ಮೇಲೆ ಹೇಳಬೇಕು.

ಇದನ್ನು ಓದುತ್ತಿರುವ ಮಾಸ್ತರುಗಳಲ್ಲಿ, ಅಕ್ಕೋರುಗಳಲ್ಲಿ ಒಂದು ಕೋರಿಕೆ. ಬರುವ ಜೂನ್‌ನಲ್ಲಿ ನಿಮ್ಮ ಶಾಲೆಯಂಗಳದಲ್ಲಿ ಒಂದು ಮಳೆಮಾಪಕ ಇಡಿ, ಒಂದು ಎಲೆಚೀಲ ಹೂಳಿ. ನಿಮ್ಮದು ಬಯಲುಸೀಮೆಯಾದರೆ ಇನ್ನೂ ಒಳ್ಳೆಯದು, ಅಲ್ಲಿ ಒಂದೊಂದು ಮಿಲಿಮೀಟರಿಗೂ ಬೆಲೆಯಿದೆ. ಮಳೆಯ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಗಟ್ಟಿ ರಟ್ಟಿನ ಪುಸ್ತಕದಲ್ಲಿ ಬರೆಸಿ. ವರ್ಗವಾಗಿ ಹೋಗುವಾಗ ಆ ಪುಸ್ತಕವನ್ನು ಮುಂದೆ ಬರುವವರ ಕೈಗೆ ಕೊಟ್ಟು, ನಿಲ್ಲಿಸಬೇಡಿ ಎಂದು ಹೇಳಿ ಹೋಗಿ.